ಆಕಾಶದಲ್ಲಿ ಬೂದು ಚುಕ್ಕೆಗಳು: ಡಿ7200 ಸೆನ್ಸರ್ ಮನೆಯಲ್ಲೇ ಕ್ಲೀನ್ ಮಾಡಬಹುದಾ?

ಹಕ್ಕಿಹಿಂದೆ:
ಎಲ್ಲರಿಗೂ ನಮಸ್ಕಾರ. ನನ್ನದು ನಿಕಾನ್ ಡಿ7200 ಕ್ಯಾಮೆರಾ. ಮೊನ್ನೆ ಹಂಪಿಗೆ ಹೋಗಿದ್ದಾಗ ಮತಂಗ ಬೆಟ್ಟದ ಮೇಲಿಂದ ಸೂರ್ಯೋದಯ ತೆಗೆದೆ, ಎಫ್16ರಲ್ಲಿ, ಅಂದ್ರೆ ಲೆನ್ಸಿನ ಕಿಂಡಿ ಕಿರಿದು ಮಾಡಿ. ಮನೆಗೆ ಬಂದು ಕಂಪ್ಯೂಟರಿಗೆ ಹಾಕಿ ನೋಡಿದರೆ ಆಕಾಶದ ತುಂಬ ಬೂದು ಚುಕ್ಕೆಗಳು. ಎಡಗಡೆ ಮೇಲ್ಮೂಲೆಯಲ್ಲಿ ಒಂದು ದೊಡ್ಡದು, ಎಲ್ಲ ಫೋಟೋದಲ್ಲೂ ಅದೇ ಜಾಗ. ವಿಚಿತ್ರ ಏನಂದ್ರೆ, ಅದಕ್ಕೂ ಮುಂಚೆ ಕಬಿನಿಯಲ್ಲಿ ತೆಗೆದ ಹಕ್ಕಿ ಫೋಟೋಗಳಲ್ಲಿ ಒಂದು ಚುಕ್ಕೆಯೂ ಕಾಣಲ್ಲ. ಸಫಾರಿ ಜೀಪಿನಲ್ಲಿ ಲೆನ್ಸ್ ಬದಲಾಯಿಸಿದ್ದೆ, ಧೂಳು ಸಿಕ್ಕಾಪಟ್ಟೆ ಇತ್ತು.

ಮೆನುವಿನಲ್ಲಿ 'ಕ್ಲೀನ್ ಇಮೇಜ್ ಸೆನ್ಸರ್' (ಸೆನ್ಸರ್ ಅಂದ್ರೆ ಬೆಳಕು ಹಿಡಿದು ಫೋಟೋ ಮಾಡೋ ಚಿಪ್) ಕೊಟ್ಟೆ. ಸಣ್ಣವು ಕೆಲವು ಹೋದವು, ದೊಡ್ಡದು ಕದಲಲಿಲ್ಲ. ನಮ್ಮೂರಲ್ಲಿ ಸರ್ವಿಸ್ ಸೆಂಟರ್ ಇಲ್ಲ. ಮನೆಯಲ್ಲೇ ಮಾಡಿಕೊಳ್ಳಬಹುದಾ? ಸೆನ್ಸರ್ ಮುಟ್ಟೋಕೆ ಭಯ.

ಬಯಲುಸೀಮೆ:
ಇಯರ್ ಬಡ್‌ಗೆ ಸ್ವಲ್ಪ ಸ್ಪಿರಿಟ್ ಹಚ್ಚಿ ಒರೆಸಿ ಬ್ರೋ. ಸುಮ್ನೆ ದುಡ್ಡು ದಂಡ ಯಾಕೆ?

ಹಳೇಶಟರ್:
ಇಯರ್ ಬಡ್ ಬೇಡವೇ ಬೇಡ. ಹತ್ತಿಯ ಎಳೆ ಒಳಗೇ ಉಳಿಯುತ್ತದೆ. ಅಂಗಡಿಯ ಸ್ಪಿರಿಟ್‌ನಲ್ಲಿ ನೀರು, ಕಲ್ಮಶ ಎರಡೂ ಇರಬಹುದು, ಒಣಗಿದ ಮೇಲೆ ಕಲೆ ಬಿಡುತ್ತದೆ. ಒಂದು ಚುಕ್ಕೆ ತೆಗೆಯೋಕೆ ಹೋಗಿ ಹತ್ತು ಆಗುತ್ತವೆ.

ಹಕ್ಕಿಹಿಂದೆ ಅವರೇ, ಭಯ ಸ್ವಲ್ಪ ಇಳಿಸಿಕೊಳ್ಳಿ. ನೀವು ಮುಟ್ಟೋದು ಸೆನ್ಸರನ್ನಲ್ಲ. ಅದರ ಮುಂದೆ ಗಾಜಿನ ಫಿಲ್ಟರ್ ಇದೆ, ಧೂಳು ಕೂತಿರೋದು ಅದರ ಮೇಲೆ. ಕಬಿನಿ ಫೋಟೋದಲ್ಲಿ ಕಾಣದೆ ಇರೋದಕ್ಕೂ ಅದೇ ಕಾರಣ. ಹಕ್ಕಿಗೆ ನೀವು ಎಫ್5.6 ಆಸುಪಾಸು ಇಟ್ಟಿರುತ್ತೀರಿ. ಅಪರ್ಚರ್ (ಲೆನ್ಸಿನ ಕಿಂಡಿ; ಎಫ್ ಸಂಖ್ಯೆ ಚಿಕ್ಕದಾದಷ್ಟೂ ದೊಡ್ಡದು) ಅಗಲವಾಗಿದ್ದರೆ ಬೆಳಕು ನಾನಾ ಕೋನದಿಂದ ಬಂದು ಧೂಳಿನ ನೆರಳನ್ನು ಕರಗಿಸಿಬಿಡುತ್ತದೆ. ಎಫ್16ಕ್ಕೆ ಕಿರಿದು ಮಾಡಿದರೆ ನೆರಳು ಗಟ್ಟಿಯಾಗಿ ಬೀಳುತ್ತದೆ. ಟ್ಯೂಬ್‌ಲೈಟ್ ಕೆಳಗೆ ಕೈಯ ನೆರಳು ಮಸುಕು, ಟಾರ್ಚ್ ಮುಂದೆ ಚೂಪು, ಅಲ್ವಾ? ಹಾಗೆ. ಅಂದ್ರೆ ಧೂಳು ಕಬಿನಿಯಲ್ಲೇ ಒಳಗೆ ಹೋಗಿದೆ, ಹಂಪಿಯಲ್ಲಿ ಬಯಲಾಗಿದೆ.

ಮೊದಲು ಒಂದು ಟೆಸ್ಟ್ ಫೋಟೋ ತೆಗೆಯಿರಿ. ಎ ಮೋಡ್ (ಅಪರ್ಚರ್ ನಾವೇ ಇಡೋದು), ಐಎಸ್ಒ 100, ಎಫ್22. ಕಂಪ್ಯೂಟರಿನಲ್ಲಿ ಖಾಲಿ ಬಿಳಿ ಪುಟ ತೆರೆದು, ಹತ್ತಿರ ಹಿಡಿದು, ಮ್ಯಾನ್ಯುಯಲ್ ಫೋಕಸ್‌ನಲ್ಲಿ ಬೇಕಂತಲೇ ಔಟ್ ಆಫ್ ಫೋಕಸ್ ಮಾಡಿ. ಶಟರ್ ನಿಧಾನವಾಗುತ್ತದೆ, ಕೈ ಅಲುಗಿದರೆ ಒಳ್ಳೆಯದೇ. ಸ್ಕ್ರೀನಿನ ಕೊಳೆ ಎಲ್ಲ ಅಳಿಸಿಹೋಗಿ ಸೆನ್ಸರ್ ಧೂಳು ಮಾತ್ರ ನಿಂತಲ್ಲೇ ನಿಲ್ಲುತ್ತದೆ. ಆಮೇಲೆ ಕಾಂಟ್ರಾಸ್ಟ್ ಪೂರ್ತಿ ಏರಿಸಿ ನೋಡಿ. ಏರಿಸಿದಾಗ ಹೆದರಬೇಡಿ, ಹೊಸ ಕ್ಯಾಮೆರಾದಲ್ಲೂ ನಾಲ್ಕಾರು ಕಾಣುತ್ತವೆ. ಎಫ್11ರಲ್ಲಿ ಫೋಟೋ ಚೊಕ್ಕವಾಗಿ ಬಂದರೆ ನಾನು ಕೈ ಕಟ್ಟಿ ಕೂರುತ್ತೇನೆ.

ಇನ್ನೊಂದು ಲೆನ್ಸ್ ಹಾಕಿಯೂ ತೆಗೆಯಿರಿ. ಚುಕ್ಕೆ ಅದೇ ಜಾಗದಲ್ಲಿದ್ದರೆ ಸೆನ್ಸರ್‌ದೇ. ಅಂಚು ಮಸುಕಾಗಿದ್ದರೆ ಸಾಮಾನ್ಯವಾಗಿ ಧೂಳು. ದುಂಡಗೆ, ಅಂಚು ಸ್ಪಷ್ಟವಾಗಿದ್ದು ನಡುವೆ ಸ್ವಲ್ಪ ತಿಳಿಯಾಗಿದ್ದರೆ ಶಟರ್ ಎಣ್ಣೆಯ ಹನಿ ಇರಬಹುದು. ಎಣ್ಣೆ ಗಾಳಿಗೆ ಹೋಗಲ್ಲ.

ಹಕ್ಕಿಹಿಂದೆ:
ಟೆಸ್ಟ್ ಮಾಡಿದೆ ಸಾರ್. ಎರಡೂ ಲೆನ್ಸಿನಲ್ಲಿ ಅದೇ ಜಾಗ. ಅಂಚು ಮಸುಕು. ಎಫ್11ರಲ್ಲೂ ದೊಡ್ಡದು ಕಾಣ್ತಿದೆ. ಈಗ ಬ್ಲೋವರ್ (ಒತ್ತಿದರೆ ಗಾಳಿ ಊದೋ ರಬ್ಬರ್ ಚೆಂಡು) ತರಿಸಲಾ? ಕಂಪ್ಯೂಟರ್ ಅಂಗಡಿಯಲ್ಲಿ ಗಾಳಿ ಡಬ್ಬಿ ಸಿಗುತ್ತೆ, ಅದು ಆಗುತ್ತಾ?

ಹಳೇಶಟರ್:
ಡಬ್ಬಿ ಮುಟ್ಟಬೇಡಿ. ಅದರೊಳಗಿನ ದ್ರವ ಚಿಮ್ಮಿ ಗಾಜಿನ ಮೇಲೆ ಹೆಪ್ಪುಗಟ್ಟಿದ ಹಾಗೆ ಕೂರುತ್ತದೆ. ಬಾಯಲ್ಲಿ ಊದೋದೂ ಬೇಡ, ಎಂಜಲು ಹಾರುತ್ತದೆ. ರಬ್ಬರ್ ಬ್ಲೋವರ್ ಸಾಕು. ದೊಡ್ಡದೇ ತಗೊಳ್ಳಿ, ಚಿಕ್ಕದರಲ್ಲಿ ದಮ್ಮಿಲ್ಲ. ತುದಿಯಲ್ಲಿ ಬ್ರಷ್ ಇರೋದು ಬೇಡ.

ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ. ಕಡಿಮೆ ಇದ್ದರೆ ಮೆನುವಿನ ಆಯ್ಕೆಯೇ ಸಿಗಲ್ಲ. ಸೆಟಪ್ ಮೆನುವಿನಲ್ಲಿ 'ಲಾಕ್ ಮಿರರ್ ಅಪ್ ಫಾರ್ ಕ್ಲೀನಿಂಗ್' ಇದೆ. ಆರಿಸಿ, ಲೆನ್ಸ್ ತೆಗೆದು, ಶಟರ್ ಬಟನ್ ಒತ್ತಿ. ಸೆನ್ಸರ್ ಮುಂದಿನ ಕನ್ನಡಿ ಮೇಲೆ ಹೋಗಿ ಶಟರ್ ತೆರೆದುಕೊಂಡು ಸೆನ್ಸರ್ ಕಾಣುತ್ತದೆ. ನಡುವೆ ಬೀಪ್ ಬಂದು ಮುಂದಿನ ದೀಪ ಮಿನುಗಿದರೆ ಬ್ಯಾಟರಿ ಇಳಿಯಿತು ಅಂತ, ಸುಮಾರು 2 ನಿಮಿಷದಲ್ಲಿ ಕನ್ನಡಿ ಕೆಳಗೆ ಬೀಳುತ್ತದೆ. ಕೈ ತಕ್ಷಣ ಹೊರಗೆ ತೆಗೆಯಿರಿ. ಬಲ್ಬ್ ಮೋಡ್‌ನಲ್ಲಿ (ಬಟನ್ ಒತ್ತಿ ಹಿಡಿದಷ್ಟು ಹೊತ್ತು ಶಟರ್ ತೆರೆದಿರುತ್ತದೆ) ಶಟರ್ ತೆರೆದಿಟ್ಟುಕೊಂಡು ಮಾಡೋ ಹಳೇ ಉಪಾಯ ಕೆಲವರು ಹೇಳುತ್ತಾರೆ, ಬೆರಳು ಜಾರಿದರೆ ಶಟರ್ ಗತಿ ಗೋವಿಂದ.

ಕ್ಯಾಮೆರಾ ಬಾಯಿ ಕೆಳಗೆ ಮಾಡಿ ಹಿಡಿದು ಊದಿ. ಮೊದಲು ಹೊರಗೇ ನಾಲ್ಕು ಸಲ ಒತ್ತಿ, ಬ್ಲೋವರಿನ ಒಳಗಿನ ಧೂಳು ಹೋಗಲಿ. ತುದಿ ಮೌಂಟಿನ (ಲೆನ್ಸ್ ಕೂರುವ ಬಾಯಿ) ಒಳಗೆ ಹೋಗಬಾರದು. ಫ್ಯಾನ್ ಆಫ್. ದೇವರ ಮನೆ ಪಕ್ಕ ಬೇಡ, ಊದುಬತ್ತಿ ಬೂದಿ ಹಾರಾಡುತ್ತಿರುತ್ತದೆ. ಬಿಸಿನೀರಿನ ಸ್ನಾನ ಆಗಿ ಹಬೆ ಇಳಿದ ಬಚ್ಚಲುಮನೆ ನನಗೆ ಇಷ್ಟ, ಧೂಳೆಲ್ಲ ನೆಲ ಹಿಡಿದಿರುತ್ತದೆ.

ಚುಕ್ಕೆ ಹುಡುಕುವಾಗ ಒಂದು ನೆನಪಿರಲಿ: ಸೆನ್ಸರ್ ಮೇಲೆ ಚಿತ್ರ ತಲೆಕೆಳಗು. ಫೋಟೋದಲ್ಲಿ ಎಡಗಡೆ ಮೇಲೆ ಇರೋದು, ನೀವು ಕ್ಯಾಮೆರಾವನ್ನು ಎದುರಿನಿಂದ ನೋಡಿದಾಗ ಎಡಗಡೆ ಕೆಳಗೆ ಇರುತ್ತದೆ.

ಕರಾವಳಿಕ್ಲಿಕ್:
ಮಿರರ್‌ಲೆಸ್ (ಕನ್ನಡಿ ಇಲ್ಲದ ಕ್ಯಾಮೆರಾ) ಇರೋರಿಗೂ ಒಂದು ಮಾತು. ಲೆನ್ಸ್ ತೆಗೆದ ಕೂಡಲೇ ಸೆನ್ಸರ್ ಎದುರಿಗೇ ಇರುತ್ತೆ ಅಂತ ಸಲೀಸು ಅಂದುಕೊಳ್ಳಬೇಡಿ. ಬಾಡಿಯಲ್ಲಿ ಸ್ಟೆಬಿಲೈಸೇಷನ್ (ಕೈ ಅಲುಗಾಟ ಸರಿದೂಗಿಸೋ ವ್ಯವಸ್ಥೆ) ಇದ್ದರೆ ಸೆನ್ಸರ್ ತೇಲಾಡುತ್ತೆ. ಒತ್ತಬೇಡಿ, ಮೆನುವಿನ ಕ್ಲೀನಿಂಗ್ ಮೋಡ್‌ನಲ್ಲೇ ಮಾಡಿ.

ಹಕ್ಕಿಹಿಂದೆ:
ಬ್ಲೋವರ್ ಕೆಲಸ ಮಾಡಿತು, ಬಹುಪಾಲು ಹೋಯ್ತು. ಆದರೆ ಆ ದೊಡ್ಡದು ಹಟ ಹಿಡಿದು ಕೂತಿದೆ. ವೆಟ್ ಸ್ವ್ಯಾಬ್ ಕಿಟ್ (ದ್ರವ ಹಾಕಿ ಒರೆಸೋ, ತುದಿಗೆ ಬಟ್ಟೆ ಇರೋ ಕಡ್ಡಿ) ತರಿಸಿದೆ, 16 ಮಿಲಿಮೀಟರ್‌ದು. ಒರೆಸಿದೆ. ಚುಕ್ಕೆ ಮಾಯ! ಈಗ ಬಲ ಅಂಚಿನಲ್ಲಿ ಒಂದು ಮೋಡದಂಥ ಪಟ್ಟೆ ಬಂದಿದೆ. ಗಾಜಿನ ಮೇಲಿನ ಕೋಟಿಂಗ್ ಕಿತ್ತು ಬಂತಾ?

ಹಳೇಶಟರ್:
ಇಲ್ಲ, ಕೋಟಿಂಗ್ ಅಷ್ಟು ಸುಲಭಕ್ಕೆ ಬರಲ್ಲ. ಎರಡರಲ್ಲಿ ಒಂದು ಆಗಿದೆ. ದ್ರವ ಜಾಸ್ತಿ ಆಗಿ, ಸ್ವ್ಯಾಬ್ ನಿಂತ ಕಡೆ ಒಣಗಿ ಉಳಿದಿದೆ. ಇಲ್ಲಾಂದ್ರೆ ಸ್ವ್ಯಾಬ್ ತುದಿ ಪಕ್ಕದ ಗೋಡೆಗೆ ತಾಗಿ ಅಲ್ಲಿನ ಗ್ರೀಸ್ ಎಳೆದುಕೊಂಡು ಬಂದಿದೆ. ಎಷ್ಟು ಹನಿ ಹಾಕಿದ್ರಿ? ಮತ್ತೆ, ಎರಡನೇ ಸಲ ಅದೇ ಸ್ವ್ಯಾಬ್ ಬಳಸಿದ್ರಾ?

ಹಕ್ಕಿಹಿಂದೆ:
ಸ್ವ್ಯಾಬ್ ಹೊಸದೇ. ದ್ರವ ಮಾತ್ರ ಬಟ್ಟೆ ಪೂರ್ತಿ ನೆನೆಯೋವರೆಗೂ ಹಾಕಿದೆ.

ಹಳೇಶಟರ್:
ಅದೇ ಕಾರಣ. 2 ಹನಿ ಸಾಕು, ತುದಿಯ ಅಂಚಿಗೆ ಬಿಟ್ಟು ಕೆಲವು ಸೆಕೆಂಡ್ ಕಾಯಿರಿ, ಹರಡಿಕೊಳ್ಳಲಿ. ತೊಟ್ಟಿಕ್ಕಬಾರದು, ಒದ್ದೆ ಅನ್ನೋದಕ್ಕಿಂತ ತೇವ ಅನ್ನಬೇಕು.

ಹೊಸ ಸ್ವ್ಯಾಬ್ ತಗೊಳ್ಳಿ. ನಿಮ್ಮ ಸೆನ್ಸರ್ ಸುಮಾರು 23.5 ಮಿಲಿಮೀಟರ್ ಅಗಲ, 15.6 ಎತ್ತರ, ಹಾಗಾಗಿ 16ರ ಸ್ವ್ಯಾಬ್ ಮೇಲಿಂದ ಕೆಳಗಿನವರೆಗೆ ಪೂರ್ತಿ ಮುಚ್ಚುತ್ತದೆ. ಒಂದು ಅಂಚಿಗೆ ಇಟ್ಟು, ಹಿಡಿಯನ್ನು ಹೋಗುವ ದಿಕ್ಕಿಗೆ ತುಸು ಓರೆ ಮಾಡಿ, ತುದಿ ಸ್ವಲ್ಪವೇ ಬಾಗುವಷ್ಟು ಒತ್ತಿ ಒಂದೇ ಎಳೆತದಲ್ಲಿ ಆ ಕಡೆಗೆ. ನಡುವೆ ನಿಲ್ಲಿಸಬೇಡಿ. ಅಂಚು ಬಂದಾಗ ಎತ್ತಿ, ಮಗ್ಗುಲು ಬದಲಿಸಿ, ವಾಪಸ್ ಒಂದು ಎಳೆತ. ಅಷ್ಟೇ, ಸ್ವ್ಯಾಬ್ ಕಸದಬುಟ್ಟಿಗೆ. ಅದು ಹೊಸದರ ಹಾಗೇ ಕಾಣುತ್ತದೆ, ಮನಸ್ಸು ಬರಲ್ಲ, ಆದರೂ ಎಸೆಯಿರಿ. ಅದಕ್ಕೆ ಅಂಟಿದ ಒಂದು ಮರಳಿನ ಕಣ ಸಾಕು ಗಾಜಿಗೆ ಗೀರು ಬೀಳಲು. ಒರೆಸೋ ಮುಂಚೆ ಮತ್ತೆ ಬ್ಲೋವರ್ ಹಿಡಿಯೋದೂ ಅದಕ್ಕೇ.

ಇಂಥ ದ್ರವಗಳಲ್ಲಿ ಮೆಥನಾಲ್ ಇರಬಹುದು. ಹಾಗಿದ್ದರೆ ಅದು ವಿಷ, ಬೆಂಕಿಯೂ ಹಿಡಿಯುತ್ತದೆ. ಕಿಟಕಿ ತೆರೆದಿರಲಿ, ಮಕ್ಕಳ ಕೈಗೆ ಸಿಗದ ಹಾಗೆ ಇಡಿ.

ಹಕ್ಕಿಹಿಂದೆ:
ಹೋಯ್ತು ಸಾರ್! ಎಫ್16ರಲ್ಲಿ ಬಿಳಿ ಹಾಳೆ ಥರ ಇದೆ. ಎಫ್22ರಲ್ಲಿ ಕಾಂಟ್ರಾಸ್ಟ್ ಏರಿಸಿದರೆ ಮೂಲೆಯಲ್ಲಿ ಎರಡು ಸಣ್ಣವು. ಬಿಟ್ಟುಬಿಡ್ತೀನಿ. ಕೊನೇ ಪ್ರಶ್ನೆ: ವ್ಯೂಫೈಂಡರಿನಲ್ಲಿ ಒಂದು ಕೂದಲಿನಂಥದ್ದು ಕಾಣ್ತಿದೆ, ಫೋಟೋದಲ್ಲಿ ಇಲ್ಲ. ಉಳಿದ ಸ್ವ್ಯಾಬ್ ಹಾಕಿ ಅದನ್ನೂ ತೆಗೀಲಾ?

ಹಳೇಶಟರ್:
ಬೇಡ. ಅದು ಕನ್ನಡಿಯ ಮೇಲ್ಗಡೆ ಇರುವ ಫೋಕಸಿಂಗ್ ಸ್ಕ್ರೀನ್ ಮೇಲೆ ಕೂತಿದೆ. ಆ ಸ್ಕ್ರೀನಿಗೆ ಬಹಳ ಬೇಗ ಗೀರು ಬೀಳುತ್ತದೆ, ಫಿಲ್ಟರ್ ಗಾಜಿನಷ್ಟು ಗಟ್ಟಿ ಅಲ್ಲ. ಮಿರರ್ ಕೆಳಗಿರುವಾಗ ಮೆಲ್ಲಗೆ ಎರಡು ಸಲ ಊದಿ ನೋಡಿ. ಹೋದರೆ ಹೋಯ್ತು, ಇಲ್ಲದಿದ್ದರೆ ಅಲ್ಲೇ ಇರಲಿ. ಫೋಟೋಗೆ ಬರಲ್ಲ.