ಮೊದಲ ಸಲ ಪಿಸಿ ಜೋಡಿಸ್ತಿದೀನಿ: ಯಾವುದು ಮೊದಲು, ಎಲ್ಲಿ ಎಚ್ಚರ?

ಚೈತ್ರಾ:
ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಎಸ್.ಪಿ. ರೋಡಿನ ಕಂಪ್ಯೂಟರ್ ಅಂಗಡಿಯಿಂದ ಸಾಮಾನೆಲ್ಲ ಬಂದಾಗಿದೆ. ರೈಜನ್ 5 7600 ಪ್ರೊಸೆಸರ್ (ಬಾಕ್ಸಿನಲ್ಲೇ ಬಂದ ಕೂಲರ್), ಬಿ650 ಮೈಕ್ರೊ ಎಟಿಎಕ್ಸ್ ಮದರ್‌ಬೋರ್ಡ್, 16 ಜಿಬಿಯ ಎರಡು ಡಿಡಿಆರ್5 6000 ರ‍್ಯಾಮ್, 1 ಟಿಬಿ ಎನ್‌ವಿಎಂಇ ಎಸ್‌ಎಸ್‌ಡಿ, ಆರ್‌ಟಿಎಕ್ಸ್ 4060 ಗ್ರಾಫಿಕ್ಸ್ ಕಾರ್ಡ್, 550 ವ್ಯಾಟ್ ಪಿಎಸ್‌ಯು (ಪವರ್ ಸಪ್ಲೈ). ವಿಡಿಯೊಗಳಲ್ಲಿ ಒಬ್ಬೊಬ್ಬರು ಒಂದೊಂದು ಕ್ರಮ ಹೇಳ್ತಾರೆ. ಯಾವುದು ಮೊದಲು? ಸ್ಟ್ಯಾಟಿಕ್‌ನಿಂದ (ಮೈಯಲ್ಲಿ ಸೇರೋ ಸ್ಥಿರ ವಿದ್ಯುತ್) ಹಾಳಾಗುತ್ತಾ? ನಮ್ಮದು ಹಳೇ ಬಾಡಿಗೆ ಮನೆ, ಇನ್ವರ್ಟರ್ ಇದೆ. ಬೇರೆ ಯುಪಿಎಸ್ ಬೇಕಾ?

ರಾಘು, ವಿಜಯನಗರ:
ಚೈತ್ರಾ ಅವರೇ, ಕೇಸಿನೊಳಗೆ ಕೂರಿಸುವ ಮುಂಚೆ ಬೋರ್ಡನ್ನು ಅದರ ಡಬ್ಬದ ಮೇಲೇ ಇಟ್ಟು ಒಮ್ಮೆ ಆನ್ ಮಾಡಿ. ಎಲ್ಲ ಬಿಗಿದ ಮೇಲೆ ಡಿಸ್‌ಪ್ಲೇ ಬರದಿದ್ದರೆ ತಪ್ಪು ಬೋರ್ಡಿನದಾ, ಕೇಸಿನದಾ, ಕಾರ್ಡಿನದಾ ಅಂತ ಹುಡುಕೋದೇ ದೊಡ್ಡ ಕೆಲಸ. 7600ರ ಒಳಗೇ ಗ್ರಾಫಿಕ್ಸ್ ಇದೆ, ಹಾಗಾಗಿ 4060 ಸದ್ಯಕ್ಕೆ ಪಕ್ಕಕ್ಕಿರಲಿ.

ಎಎಂ5ನಲ್ಲಿ (ನಿಮ್ಮ ಬೋರ್ಡಿನ ಪ್ರೊಸೆಸರ್ ಸಾಕೆಟ್) 1718 ಪಿನ್ನೂ ಸಾಕೆಟ್ಟಿನಲ್ಲೇ ಇವೆ, ಪ್ರೊಸೆಸರ್ ತಳ ಚಪ್ಪಟೆ. ಪಿನ್ ಬಗ್ಗಿದರೆ ವಾರಂಟಿ ಸಿಗೋದು ಕಷ್ಟ. ಲಿವರ್ ಬಿಡಿಸಿ, ಚೌಕಟ್ಟು ಎತ್ತಿ, ಮೂಲೆಯ ಚಿನ್ನದ ಬಣ್ಣದ ತ್ರಿಕೋನವನ್ನು ಸಾಕೆಟ್ಟಿನ ತ್ರಿಕೋನಕ್ಕೆ ಹೊಂದಿಸಿ ನೇರವಾಗಿ ಇಳಿಸಿ ಕೈಬಿಡಿ. ಒತ್ತಬಾರದು, ಜರುಗಿಸಬಾರದು. ಪ್ಲಾಸ್ಟಿಕ್ ಮುಚ್ಚಳ ಚೌಕಟ್ಟಿನ ಮೇಲೇ ಇರಲಿ, ಲಿವರ್ ಹಾಕುವಾಗ ತಾನೇ ಚಿಮ್ಮಿ ಬರುತ್ತೆ. ಲಿವರ್ ಕೊನೆಯಲ್ಲಿ ಸಾಕಷ್ಟು ಬಿಗಿ ಇರುತ್ತೆ, ಕರಕರ ಅಂದರೂ ಗಾಬರಿ ಬೇಡ. ಮುಚ್ಚಳ ಎಸೀಬೇಡಿ, ಬೋರ್ಡ್ ವಾಪಸ್ ಕಳಿಸಬೇಕಾದರೆ ಬೇಕಾಗುತ್ತೆ.

ನಿಮ್ಮ ಕೂಲರಿಗೆ ಬೋರ್ಡಿನ ಎರಡು ಪ್ಲಾಸ್ಟಿಕ್ ಪಟ್ಟಿ ಬಿಚ್ಚಿ ತೆಗೀಬೇಕು. ಹಿಂದಿನ ಲೋಹದ ಪ್ಲೇಟ್ ಎಎಂ5ನಲ್ಲಿ ಬೀಳಲ್ಲ (ಹಿಂದಿನ ತಲೆಮಾರಿನ ಎಎಂ4 ಇರೋರು ಕೈಲಿ ಹಿಡ್ಕೊಳ್ಳಿ). ಕೂಲರಿನ ತಳಕ್ಕೆ ಶಾಖ ದಾಟಿಸೋ ಪೇಸ್ಟ್ ಹಚ್ಚಿಯೇ ಬಂದಿದೆ, ಅದನ್ನು ಮುಟ್ಟಬೇಡಿ, ಮೇಲೆ ಇನ್ನೊಂದು ಪದರವೂ ಬೇಡ. ನಾಲ್ಕೂ ಸ್ಕ್ರೂಗಳನ್ನು ಮೊದಲು ಎರಡೆರಡು ಸುತ್ತು ಹಿಡಿಸಿ, ಆಮೇಲೆ ಎದುರುಬದುರು ಮೂಲೆಗಳನ್ನು ಸ್ವಲ್ಪಸ್ವಲ್ಪ ಬಿಗೀತಾ ಬನ್ನಿ. ಒಂದೇ ಕಡೆ ಪೂರ್ತಿ ಬಿಗಿದರೆ ಇನ್ನೊಂದು ಮೂಲೆ ಎದ್ದು, ಅಲ್ಲಿ ಸ್ಕ್ರೂ ಹಿಡಿಯೋದೇ ಇಲ್ಲ. ಫ್ಯಾನಿನ ವೈರು ಸಿಪಿಯು ಫ್ಯಾನ್ ಅಂತ ಬರೆದಿರೋ ಪಿನ್ನಿಗೇ ಹೋಗಬೇಕು.

ನಾಲ್ಕು ರ‍್ಯಾಮ್ ಸ್ಲಾಟ್ ಇದ್ದರೆ ಪ್ರೊಸೆಸರ್ ಕಡೆಯಿಂದ ಎರಡನೇದು ಮತ್ತು ನಾಲ್ಕನೇದು. ಎಸ್‌ಎಸ್‌ಡಿ ಪ್ರೊಸೆಸರಿಗೆ ಹತ್ತಿರದ ಎಂ.2 ಸ್ಲಾಟಿಗೆ. ಅದರ ಹೀಟ್‌ಸಿಂಕಿನ ಪ್ಯಾಡಿಗೆ ಅಂಟಿರೋ ತೆಳು ಪ್ಲಾಸ್ಟಿಕ್ ಕೀಳಲೇಬೇಕು, ಎಷ್ಟೋ ಜನ ಮರೆಯೋದು ಅಲ್ಲೇ.

ಪವರ್‌ಗೆ 24 ಪಿನ್ನಿನ ಕೇಬಲ್, ಜೊತೆಗೆ ಪ್ರೊಸೆಸರಿನ 8 ಪಿನ್. ಇಲ್ಲಿ ಗಮನ ಕೊಡಿ: ಪ್ರೊಸೆಸರಿನದು 4+4 ಆಗಿ ಸೀಳುತ್ತೆ, ಗ್ರಾಫಿಕ್ಸ್ ಕಾರ್ಡಿನದು 6+2. ಎರಡರಲ್ಲಿ 12 ವೋಲ್ಟ್ ಮತ್ತು ಗ್ರೌಂಡ್ ಅದಲುಬದಲಾಗಿರುತ್ತೆ. ಕೂರದ ಕೇಬಲ್ಲನ್ನು ತುರುಕಿದರೆ ನೇರ ಶಾರ್ಟ್. ಎಚ್‌ಡಿಎಂಐ ಈಗ ಬೋರ್ಡಿಗೇ ಹಾಕಿ, ಪವರ್ ಸ್ವಿಚ್ಚಿನ ಎರಡು ಪಿನ್ನಿಗೆ ಸ್ಕ್ರೂಡ್ರೈವರ್ ತುದಿಯನ್ನು ಒಂದು ಕ್ಷಣ ತಾಗಿಸಿದರೆ ಆನ್ ಆಗುತ್ತೆ.

ಸ್ಟ್ಯಾಟಿಕ್‌ಗೆ ಅಷ್ಟು ಹೆದರಬೇಕಿಲ್ಲ. ಹಾಸಿಗೆ, ಕಂಬಳಿ ಮೇಲೆ ಕೂತು ಮಾಡಬೇಡಿ, ಸ್ವೆಟರ್ ತೆಗೆದಿಡಿ, ಒಂದೊಂದು ಭಾಗ ಎತ್ತುವ ಮುಂಚೆ ಪಿಎಸ್‌ಯುವಿನ ಬಣ್ಣ ಇಲ್ಲದ ಲೋಹ ಮುಟ್ಟಿ. ಪ್ಲಗ್ ಗೋಡೆಯಲ್ಲಿರಲಿ, ಗೋಡೆ ಸ್ವಿಚ್ಚೂ ಪಿಎಸ್‌ಯು ಸ್ವಿಚ್ಚೂ ಆಫ್ ಇರಲಿ. ಆಗಲೂ ಅರ್ತ್ ತಂತಿ ಸೇರಿಕೊಂಡೇ ಇರುತ್ತೆ.

ನಯಾಜ್:
ಕೇಸ್ ಕೆಲಸದ ಬಗ್ಗೆ ಸೇರಿಸ್ತೀನಿ. ಬೋರ್ಡಿನ ತೂತುಗಳನ್ನೂ ಕೇಸಿನ ಹಿತ್ತಾಳೆ ಸ್ಟ್ಯಾಂಡ್‌ಆಫ್‌ಗಳನ್ನೂ (ಬೋರ್ಡನ್ನು ಎತ್ತಿ ಹಿಡಿಯೋ ಪುಟ್ಟ ಕಂಬಗಳು) ಹೋಲಿಸಿ ನೋಡಿ. ತೂತಿಲ್ಲದ ಜಾಗದಲ್ಲಿ ಒಂದು ಉಳಿದರೂ ಬೋರ್ಡಿನ ಹಿಂಬದಿ ಶಾರ್ಟ್ ಆಗಬಹುದು. ಹಿಂದಿನ ಐ/ಒ ಶೀಲ್ಡ್ (ಪೋರ್ಟ್‌ಗಳ ಸುತ್ತ ಕೂರೋ ತಗಡು) ಬೇರೆಯಾಗಿ ಬಂದಿದ್ದರೆ ಬೋರ್ಡಿಗಿಂತ ಮೊದಲು ಅದು. ಪ್ರೊಸೆಸರಿನ ಪವರ್ ಕೇಬಲ್ಲನ್ನೂ ಮೊದಲೇ ಮೇಲಿನ ಎಡಮೂಲೆಯಿಂದ ಎಳೆದಿಟ್ಟುಕೊಳ್ಳಿ, ಬೋರ್ಡ್ ಕೂತ ಮೇಲೆ ಅಲ್ಲಿ ಕೈ ಹೋಗಲ್ಲ. ಮುಂಭಾಗದ ಸಣ್ಣ ವೈರುಗಳಲ್ಲಿ ಪವರ್, ರಿಸೆಟ್ ಹೇಗೆ ಹಾಕಿದರೂ ನಡೆಯುತ್ತೆ, ಎಲ್‌ಇಡಿಗೆ ಮಾತ್ರ ಪ್ಲಸ್ ಮೈನಸ್ ನೋಡಬೇಕು. ನೀಲಿ ಅಥವಾ ಕಪ್ಪು ದಪ್ಪ ಯುಎಸ್‌ಬಿ 3 ಕೇಬಲ್ಲನ್ನು ಓರೆಯಾಗಿ ಎಳೀಬೇಡಿ, ಬೋರ್ಡಿನ ಪಿನ್ ಬಗ್ಗುತ್ತೆ.

ಜಿಎಸ್‌ಟಿ ಬಿಲ್ಲಿನಲ್ಲಿ ಪ್ರತಿ ಭಾಗದ ಸೀರಿಯಲ್ ನಂಬರ್ ಇದೆಯಾ ಅಂತ ಇವತ್ತೇ ನೋಡಿ. ಇಲ್ಲದಿದ್ದರೆ ಅಂಗಡಿಯಲ್ಲಿ ಬರೆಸಿಕೊಳ್ಳಿ.

ಶ್ರೀಧರ್:
ಹಳೇ ಬಾಡಿಗೆ ಮನೆ ಅಂದಿರಿ, ಹಾಗಾದರೆ ಮೊದಲು ಅರ್ತಿಂಗ್. ಮಲ್ಟಿಮೀಟರನ್ನು ಎಸಿ ವೋಲ್ಟೇಜಿಗಿಟ್ಟು ಸಾಕೆಟ್ ಅಳೆಯಿರಿ, ಅಭ್ಯಾಸ ಇಲ್ಲದಿದ್ದರೆ ಎಲೆಕ್ಟ್ರಿಷಿಯನ್ ಕೈಲಿ ಅಳೆಸಿ. ಫೇಸ್‌ನಿಂದ ನ್ಯೂಟ್ರಲ್‌ಗೆ 230 ಆಸುಪಾಸು, ಫೇಸ್‌ನಿಂದ ಅರ್ತ್‌ಗೂ ಹೆಚ್ಚುಕಮ್ಮಿ ಅಷ್ಟೇ, ನ್ಯೂಟ್ರಲ್‌ನಿಂದ ಅರ್ತ್‌ಗೆ ಎರಡು ಮೂರು ವೋಲ್ಟ್ ಒಳಗಿರಬೇಕು. ಮೂರು ಪಿನ್ ಸಾಕೆಟ್ ಇದ್ದ ಮಾತ್ರಕ್ಕೆ ಒಳಗೆ ಅರ್ತ್ ತಂತಿ ಇದೆ ಅಂತಲ್ಲ.

ಅರ್ತ್ ಇಲ್ಲದಿದ್ದರೆ ಕೇಸ್ ಮುಟ್ಟಿದಾಗ ಜುಮ್ ಅನ್ನುತ್ತೆ. ಪಿಎಸ್‌ಯುವಿನ ಫಿಲ್ಟರ್ ಕೆಪಾಸಿಟರ್‌ಗಳು ಫೇಸ್ ಮತ್ತು ನ್ಯೂಟ್ರಲ್ ಎರಡರಿಂದಲೂ ಕೇಸಿಗೆ ಸೇರಿರುತ್ತವೆ, ಅರ್ತ್ ಇಲ್ಲದಾಗ ಕೇಸಿನ ಮೇಲೆ ಸುಮಾರು ಅರ್ಧ ವೋಲ್ಟೇಜ್ ನಿಲ್ಲುತ್ತೆ. ಆ ಸ್ಥಿತಿಯಲ್ಲಿ ಎಚ್‌ಡಿಎಂಐ ಚುಚ್ಚಿದರೆ ಪೋರ್ಟ್ ಸುಟ್ಟುಹೋಗಬಹುದು. ಓನರ್‌ಗೆ ಹೇಳಿ ಸರಿ ಮಾಡಿಸಿ. ಅರ್ತ್ ಬದಲು ನ್ಯೂಟ್ರಲ್‌ಗೆ ಜೋಡಿಸಿಕೊಡ್ತೀನಿ ಅನ್ನೋರನ್ನು ಮಾತ್ರ ಒಪ್ಪಬೇಡಿ, ನ್ಯೂಟ್ರಲ್ ಕಡಿದ ದಿನ ಇಡೀ ಕೇಸಿಗೆ ಫೇಸ್ ಬರುತ್ತೆ.

ಇನ್ವರ್ಟರಿನಲ್ಲಿ ಯುಪಿಎಸ್ ಮೋಡ್ ಸ್ವಿಚ್ ಇದ್ದರೆ ಅದಕ್ಕಿಡಿ. ಕರೆಂಟ್ ಹೋದಾಗ ಪಿಎಸ್‌ಯು ತಡೆದುಕೊಳ್ಳೋದು ಸುಮಾರು 16 ಮಿಲಿಸೆಕೆಂಡ್ ಅಷ್ಟೇ, ಇನ್ವರ್ಟರ್ ಅದಕ್ಕಿಂತ ನಿಧಾನವಾದರೆ ಪಿಸಿ ರೀಸ್ಟಾರ್ಟ್ ಆಗುತ್ತೆ. ಹಾಗಾದರೆ ಮಾತ್ರ ಯುಪಿಎಸ್ ನೋಡಿ. 600 ವಿಎ ಅಂತ ಬರೆದಿದ್ದರೂ ಸಾಮಾನ್ಯವಾಗಿ ಸಿಗೋದು 360 ವ್ಯಾಟ್. ನಿಮಗೆ ಅದು ಸಾಕು, ಕೆಲವೇ ನಿಮಿಷ ಸಿಗುತ್ತೆ, ಸೇವ್ ಮಾಡಿ ಮುಚ್ಚಬಹುದು.

ಚೈತ್ರಾ:
ಅರ್ತ್ ಸರಿ ಇದೆ, ಅಳೆಸಿದೆ. ಡಬ್ಬದ ಮೇಲಿಟ್ಟು ಆನ್ ಮಾಡಿದೀನಿ. ಫ್ಯಾನ್ ತಿರುಗ್ತಿದೆ, ಸ್ಕ್ರೀನ್ ಕಪ್ಪು, ಬೋರ್ಡಿನ ಮೇಲೆ ಡಿರ‍್ಯಾಮ್ ಅನ್ನೋ ಕಡೆ ಹಳದಿ ದೀಪ. ರ‍್ಯಾಮ್ ಹೋಯ್ತಾ?

ರಾಘು, ವಿಜಯನಗರ:
ಇಲ್ಲ, ಆಫ್ ಮಾಡಬೇಡಿ. ಡಿಡಿಆರ್5ಗೆ ಮೊದಲ ಸಲ ಬೋರ್ಡ್ ಮೆಮೊರಿ ಟ್ರೇನಿಂಗ್ (ರ‍್ಯಾಮಿಗೆ ಹೊಂದೋ ಸೆಟ್ಟಿಂಗ್ ಹುಡುಕೋದು) ಮಾಡುತ್ತೆ, ಕೆಲವು ನಿಮಿಷ ಹೀಗೇ ಕಪ್ಪಗಿರುತ್ತೆ, ಮಧ್ಯೆ ತಾನೇ ರೀಸ್ಟಾರ್ಟ್ ಆಗಲೂಬಹುದು. ನಡುವೆ ಆಫ್ ಮಾಡಿದರೆ ಮತ್ತೆ ಮೊದಲಿಂದ ಶುರು. ಹತ್ತು ಹದಿನೈದು ನಿಮಿಷ ಬಿಡಿ. ಆಮೇಲೂ ದೀಪ ಹೋಗದಿದ್ದರೆ ಪವರ್ ತೆಗೆದು, ಒಂದೇ ರ‍್ಯಾಮನ್ನು ಎರಡನೇ ಸ್ಲಾಟಿಗೆ ಕ್ಲಿಕ್ ಅನ್ನುವಷ್ಟು ಒತ್ತಿ ನೋಡಿ, ಆಮೇಲೆ ಇನ್ನೊಂದನ್ನು.

ಡಿಸ್‌ಪ್ಲೇ ಬಂದ ಮೇಲೆ ಬಯಾಸ್‌ನಲ್ಲಿ (ಬೋರ್ಡಿನ ಸೆಟ್ಟಿಂಗ್ ಪುಟ) ಎಕ್ಸ್‌ಪೊ (ರ‍್ಯಾಮನ್ನು ಅದರ ಪೂರ್ತಿ ವೇಗಕ್ಕೆ ತರೋ ಆಯ್ಕೆ) ಆನ್ ಮಾಡಿ, ಇಲ್ಲದಿದ್ದರೆ 6000ದ ರ‍್ಯಾಮ್ 4800ರ ಆಸುಪಾಸಿನಲ್ಲೇ ಓಡುತ್ತೆ. ಆಗ ಟ್ರೇನಿಂಗ್ ಇನ್ನೊಂದು ಸಲ ಆಗುತ್ತೆ, ಮತ್ತೆ ಕಪ್ಪು ಸ್ಕ್ರೀನ್ ಕಂಡರೆ ಕಾಯಿರಿ. 4060 ಹಾಕಿದ ಮೇಲೆ ಎಚ್‌ಡಿಎಂಐಯನ್ನು ಬೋರ್ಡಿನಿಂದ ತೆಗೆದು ಕಾರ್ಡಿಗೆ ಹಾಕಬೇಕು.