ಪಾಷಾಣದ ಔಷಧ ಗಡ್ಡೆಯ ಕ್ಯಾನ್ಸರಿಗೂ ಆಗುತ್ತದೆಯೇ?

ಸುಮಾ, ಡೊಂಬಿವಲಿ:
ನಮ್ಮ ಭಾವನವರಿಗೆ ಯಕೃತ್ತಿನ ಕ್ಯಾನ್ಸರ್ ಇರುವುದು ಎರಡು ತಿಂಗಳ ಹಿಂದೆ ತಿಳಿಯಿತು. ಚಿಕಿತ್ಸೆ ಮುಂಬಯಿಯ ಪರೇಲಿನ ಆಸ್ಪತ್ರೆಯಲ್ಲಿ ನಡೆಯುತ್ತಿದೆ. ಆರ್ಸೆನಿಕ್‌ನಿಂದ ರಕ್ತದ ಕ್ಯಾನ್ಸರ್ ಗುಣವಾಗುತ್ತದೆ ಎಂದು ಎಲ್ಲೋ ಓದಿದ ಅಕ್ಕ, ಪರಿಚಯದವರೊಬ್ಬರು ಕೊಟ್ಟ ಸೋಮಲದ, ಅಂದರೆ ಆರ್ಸೆನಿಕ್ ಪಾಷಾಣದ, ಭಸ್ಮವನ್ನು ತಂದು ದೇವರ ಗೂಡಿನಲ್ಲಿ ಇಟ್ಟಿದ್ದಾಳೆ. ಹದಿನೈದು ಕಾಗದದ ಪೊಟ್ಟಣಗಳು, ಒಳಗೆ ಬೂದು ಬಣ್ಣದ ಪುಡಿ. ಹೆಸರಿಲ್ಲ, ತೂಕ ಬರೆದಿಲ್ಲ, ಜೇನುತುಪ್ಪದಲ್ಲಿ ಕಲಸಿ ಕೊಡಬೇಕಂತೆ. ರಕ್ತಕ್ಕೆ ಆಗುವುದು ಗಡ್ಡೆಗೆ ಏಕಾಗಬಾರದು ಎಂದು ಅವಳು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಬಲ್ಲವರು ದಯವಿಟ್ಟು ತಿಳಿಸಬೇಕು.

ನಿವೃತ್ತ ಔಷಧಶಾಸ್ತ್ರ ಅಧ್ಯಾಪಕ, ಪುಣೆ:
ಸುಮಾ ಅವರೇ, ನಿಮ್ಮ ಅಕ್ಕ ಓದಿದ್ದು ಸುಳ್ಳಲ್ಲ. ಆದರೆ ಅದು ಅಕ್ಯೂಟ್ ಪ್ರೊಮೈಲೊಸೈಟಿಕ್ ಲ್ಯುಕೇಮಿಯಾ ಎಂಬ ಒಂದೇ ಬಗೆಯ ರಕ್ತದ ಕ್ಯಾನ್ಸರಿಗೆ ಸಂಬಂಧಿಸಿದ ಮಾತು. 1970ರ ದಶಕದಲ್ಲಿ ಚೀನಾದ ಹಾರ್ಬಿನ್‌ನ ವೈದ್ಯರು ಆರಂಭಿಸಿದ ಈ ಚಿಕಿತ್ಸೆಗೆ ಅಮೆರಿಕದಲ್ಲಿ 2000ರಲ್ಲಿ ಮಂಜೂರಾತಿ ದೊರೆಯಿತು. ನಮ್ಮ ವೆಲ್ಲೂರಿನಲ್ಲಿ ಆರ್ಸೆನಿಕ್ ಒಂದನ್ನೇ ಕೊಟ್ಟು ಬಹಳ ಜನರನ್ನು ಉಳಿಸಿದ್ದಾರೆ. ಆ ಕಾಯಿಲೆಯಲ್ಲಿ 15 ಮತ್ತು 17ನೆಯ ವರ್ಣತಂತುಗಳ ತುಂಡುಗಳು ಅದಲುಬದಲಾಗಿ, ರಕ್ತಕಣವನ್ನು ಬಲಿಯಗೊಡದ ಒಂದು ಜೋಡು ಪ್ರೋಟೀನ್ ಹುಟ್ಟುತ್ತದೆ. ಆರ್ಸೆನಿಕ್ ನೇರವಾಗಿ ಅದಕ್ಕೇ ಅಂಟಿಕೊಂಡು ಅದು ನಾಶವಾಗುವಂತೆ ಮಾಡುತ್ತದೆ. ಯಕೃತ್ತಿನ ಗಡ್ಡೆಯಲ್ಲಿ ಆ ಪ್ರೋಟೀನೇ ಇಲ್ಲ. ಪ್ರಯೋಗಾಲಯದ ತಟ್ಟೆಯಲ್ಲಿ ಗಡ್ಡೆಯ ಜೀವಕೋಶಗಳೂ ಸಾಯುತ್ತವೆ, ನಿಜ. ಆದರೆ ಸಾಮಾನ್ಯವಾಗಿ ಅದಕ್ಕೆ ಹೆಚ್ಚಿನ ಪ್ರಮಾಣ ಬೇಕು, ಏಕೆಂದರೆ ಅವುಗಳಲ್ಲಿ ಹೇರಳವಾಗಿರುವ ಗ್ಲುಟಾಥಯೋನ್ ಎಂಬ ರಕ್ಷಕ ವಸ್ತು ವಿಷವನ್ನು ಕಟ್ಟಿ ಹೊರಗೆ ತಳ್ಳುತ್ತದೆ. ಪ್ರಮಾಣ ಏರಿಸಿದರೆ ಮೊದಲು ನೋಯುವುದು ಹೃದಯ, ನರ ಮತ್ತು ಈಗಾಗಲೇ ಬಳಲಿರುವ ಅದೇ ಯಕೃತ್ತು. ಯಕೃತ್ತಿನ ಕ್ಯಾನ್ಸರಿಗೆ ಇದೊಂದನ್ನೇ ಕೊಟ್ಟು ನೋಡಿದ ಪ್ರಯೋಗದಲ್ಲಿ ಹೇಳಿಕೊಳ್ಳುವಂಥ ಫಲ ಕಾಣಲಿಲ್ಲ. ಸಂಶೋಧನೆ ನಿಂತಿಲ್ಲ, ಗಡ್ಡೆ ಬೆಳೆಯದಂತೆ ತಡೆಯುವ ಪಿ53 ಎಂಬ ಪ್ರೋಟೀನ್ ಕೆಟ್ಟುಹೋದಾಗ ಅದರ ಕೆಲವು ರೂಪಗಳನ್ನು ಆರ್ಸೆನಿಕ್ ಮತ್ತೆ ನೆಟ್ಟಗಾಗಿಸಬಲ್ಲದು ಎಂದು 2021ರಲ್ಲಿ ತೋರಿಸಿದ್ದಾರೆ, ನನಗೆ ಅದರಲ್ಲಿ ನಿಜವಾದ ಭರವಸೆಯಿದೆ. ಆದರೂ ಅದು ಭಾವನವರಿಗೆ ಇಂದು ಕೊಡುವ ಔಷಧವಲ್ಲ. ನೀರಿನಲ್ಲಿ ವರ್ಷಗಟ್ಟಲೆ ಸೇವಿಸಿದ ಆರ್ಸೆನಿಕ್‌ನಿಂದಲೇ ಚರ್ಮ, ಶ್ವಾಸಕೋಶ, ಮೂತ್ರಕೋಶಗಳ ಕ್ಯಾನ್ಸರ್ ಬರುತ್ತದೆ ಎಂಬುದನ್ನೂ ಅಕ್ಕನಿಗೆ ಹೇಳಿ.

ದಾದಿ, ನವಿ ಮುಂಬಯಿ:
ನಾನು ಈ ಔಷಧವನ್ನು ಡ್ರಿಪ್‌ನಲ್ಲಿ ಏರಿಸಿದವಳು. ಕಿಲೋ ತೂಕಕ್ಕೆ 0.15 ಮಿಲಿಗ್ರಾಂ, ಅಂದರೆ 60 ಕಿಲೋದವರಿಗೆ ದಿನಕ್ಕೆ 9 ಮಿಲಿಗ್ರಾಂ ಮಾತ್ರ. ಅಷ್ಟಕ್ಕೂ ಮೊದಲು ಇಸಿಜಿ ತೆಗೆದು, ಪೊಟ್ಯಾಸಿಯಂ, ಮೆಗ್ನೀಸಿಯಂ ನೋಡಿ, ಕಡಿಮೆಯಿದ್ದರೆ ಅದನ್ನು ಸರಿಪಡಿಸಿದ ಮೇಲೆಯೇ ಬಾಟಲಿ ಕಟ್ಟುತ್ತಿದ್ದೆವು. ಹೃದಯದ ಬಡಿತ ತಪ್ಪುವ ಅಪಾಯ ಅಷ್ಟಿದೆ. ನಿಮ್ಮ ಪೊಟ್ಟಣದಲ್ಲಿ ಎಷ್ಟಿದೆ ಎಂಬುದು ಕೊಟ್ಟವರಿಗೂ ತಿಳಿದಿರಲಾರದು. ಈಗಾಗಲೇ ಕೊಟ್ಟಿದ್ದರೆ ತಡಮಾಡದೆ ಆಸ್ಪತ್ರೆಗೆ ತಿಳಿಸಿ. ಪುಡಿಯನ್ನು ಚೆಲ್ಲಬೇಡಿ, ಜೊತೆಗೆ ಒಯ್ಯಿರಿ.

ಸುಮಾ, ಡೊಂಬಿವಲಿ:
ಇಬ್ಬರಿಗೂ ಋಣಿ. ಗೂಡಿನಲ್ಲಿ ಎಣಿಸಿದೆ, ಹದಿಮೂರೇ ಇವೆ. ಭಾನುವಾರದಿಂದ ಎರಡು ಕೊಟ್ಟಿದ್ದೇನೆ ಎಂದು ಅಕ್ಕ ಅಳುತ್ತಾ ಒಪ್ಪಿಕೊಂಡಳು. ಆಸ್ಪತ್ರೆಗೆ ಫೋನ್ ಮಾಡಿದೆ, ಈಗಲೇ ಕರೆತರಲು ಹೇಳಿದ್ದಾರೆ. ಟ್ಯಾಕ್ಸಿಗೆ ಕಾಯುತ್ತಿದ್ದೇವೆ, ಪೊಟ್ಟಣಗಳು ನನ್ನ ಚೀಲದಲ್ಲಿವೆ.