ತಾರಸಿಯ ಹೂಳಿನಲ್ಲಿ ಬಾಹ್ಯಾಕಾಶದ ಧೂಳು ಹುಡುಕುವುದು ಹೇಗೆ?

ಪ್ರಶ್ನೆ (ವಿಜ್ಞಾನ ಶಿಕ್ಷಕಿ, ತೀರ್ಥಹಳ್ಳಿ): ಆಳಸಮುದ್ರದ ಕೆಸರಿನಲ್ಲಿ ಬಾಹ್ಯಾಕಾಶದಿಂದ ಬಿದ್ದ ಗುಂಡನೆಯ ಕಣಗಳು ಸಿಗುತ್ತವೆ ಎಂದಾಗ ಮಕ್ಕಳು, "ಹಾಗಾದ್ರೆ ನಮ್ಮ ಶಾಲೆ ತಾರಸಿ ಮೇಲೂ ಇರ್ಬೇಕಲ್ವಾ ಮಿಸ್?" ಅಂದರು. ಮ್ಯಾಗ್ನೆಟ್ ಆಡಿಸಿದರೆ ಸಿಗುತ್ತಾ ಸರ್?

ಉತ್ತರ (ಭೂವಿಜ್ಞಾನಿ): ಬಿದ್ದೇ ಇರುತ್ತವೆ ಮೇಡಂ. ಕಷ್ಟವೆಲ್ಲ ಉಳಿದ ಕಸದಿಂದ ಬೇರೆ ಮಾಡುವುದರಲ್ಲಿ. ನದಿಗಳ ಹೂಳು ತಲುಪದ ನಡುಸಮುದ್ರದಲ್ಲಿ ಕೆಂಪು ಜೇಡಿ ಸಾವಿರ ವರ್ಷಕ್ಕೆ ಕೆಲವೇ ಮಿಲಿಮೀಟರ್ ಕೂರುತ್ತದೆ. ಹಾಗಾಗಿ ಒಂದು ಹಿಡಿ ಕೆಸರಿನಲ್ಲೇ ಬಹುಕಾಲದ ಧೂಳು ಒಟ್ಟಾಗಿರುತ್ತದೆ. 1872–76ರಲ್ಲಿ ಚಾಲೆಂಜರ್ ಎಂಬ ಬ್ರಿಟಿಷ್ ಹಡಗು ಸಮುದ್ರ ಸಂಶೋಧನಾ ಯಾನದಲ್ಲಿ ತಂದ ಕೆಸರಿನಿಂದ ವಿಜ್ಞಾನಿ ಜಾನ್ ಮರ್ರೆ ಈ ಕಣಗಳನ್ನು ಎತ್ತಿದ್ದೂ ಮ್ಯಾಗ್ನೆಟ್‌ನಿಂದಲೇ. ಗೋವಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯವರು ಹಿಂದೂ ಮಹಾಸಾಗರದ ತಳದಿಂದಲೂ ತೆಗೆದಿದ್ದಾರೆ.

ನೀವು ಮಾಡುವುದಾದರೆ ಮಳೆಗಾಲಕ್ಕೆ ಮುಂಚೆ ಮಾಡಿ, ಜೂನ್ ಮಳೆ ಹಿಡಿದರೆ ತಾರಸಿ ತೊಳೆದುಹೋಗುತ್ತದೆ. ನೀರಿಳಿಯುವ ಪೈಪಿನ ಬಾಯಲ್ಲಿ ಕೂತ ಹೂಳು ಒಂದೆರಡು ಕೆ.ಜಿ. ಸಾಕು. ಬಕೆಟ್ಟಿನಲ್ಲಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಕಲಕಿ, ಅರ್ಧ ನಿಮಿಷ ಬಿಟ್ಟು ರಾಡಿ ನೀರು ಬಗ್ಗಿಸಿ. ನೀರು ತಿಳಿಯಾಗುವವರೆಗೆ ಇದೇ ಕೆಲಸ. ಆಮೇಲೆ ಬಿಸಿಲಲ್ಲಿ ಗರಿಗರಿಯಾಗಿ ಒಣಗಬೇಕು. ಪಸೆ ಉಳಿದರೆ ಮರಳೂ ಅಂಟಿಕೊಂಡು ಮ್ಯಾಗ್ನೆಟ್ ಜೊತೆ ಬರುತ್ತದೆ. ಒಣಗಿಸಲು ಕಬ್ಬಿಣದ ಬಾಣಲೆ ಬೇಡವೇ ಬೇಡ, ತುಕ್ಕಿನ ಚೂರು ಸೇರುತ್ತದೆ. 0.4 ಮಿ.ಮೀ. ಜರಡಿಯಲ್ಲಿ ಕೆಳಗಿಳಿದದ್ದನ್ನು ತಟ್ಟೆಯಲ್ಲಿ ತೆಳ್ಳಗೆ ಹರಡಿ, ನಿಯೋಡಿಮಿಯಮ್ ಮ್ಯಾಗ್ನೆಟ್ಟನ್ನು (ತುಂಬ ಬಲವಾದ ಮ್ಯಾಗ್ನೆಟ್) ಜಿಪ್ ಕವರಿನೊಳಗಿಟ್ಟು ಆಡಿಸಿ. ಬಿಳಿ ಕಾಗದದ ಮೇಲೆ ಹಿಡಿದು ಮ್ಯಾಗ್ನೆಟ್ ಮಾತ್ರ ಹೊರಗೆಳೆದರೆ ಕಣ ಉದುರುತ್ತವೆ. ಬರೀ ಮ್ಯಾಗ್ನೆಟ್ ಇಟ್ಟರೆ ಬಿಡಿಸಲಾಗುವುದಿಲ್ಲ.

ಪ್ರಶ್ನೆ (ಭದ್ರಾವತಿ): ನಮ್ಮಲ್ಲಿ ಮಿರಮಿರ ಮಿಂಚುವ ಕಪ್ಪು ಗುಂಡುಗಳು ರಾಶಿ ಸಿಕ್ಕಿವೆ. ಎಲ್ಲವೂ ಬಾಹ್ಯಾಕಾಶದ್ದೇನಾ ಸರ್?

ಉತ್ತರ: ರಾಶಿ ಸಿಕ್ಕಿದ್ದೇ ಅನುಮಾನ ಹುಟ್ಟಿಸುತ್ತದೆ. ಕಬ್ಬಿಣ ಕರಗಿಸಿದ ಊರದು. ಸಾಲದ್ದಕ್ಕೆ ಪ್ರತಿ ಬೀದಿಯಲ್ಲೂ ವೆಲ್ಡಿಂಗ್, ಗ್ರೈಂಡಿಂಗ್. ಆ ಕಿಡಿಗಳೂ ಗಾಳಿಯಲ್ಲೇ ಕರಗಿ ಗುಂಡಾಗುತ್ತವೆ. ನುಣುಪು, ಹೊಳಪು, ಸಣ್ಣ ಬಾಲ, ಒಡೆದರೆ ಒಳಗೆ ಪೊಳ್ಳು ಇದ್ದರೆ ಬಹುತೇಕ ಅವೇ. ಪಾರದರ್ಶಕ ಗುಂಡಾದರೆ ಬಹುತೇಕ ರಸ್ತೆಪಟ್ಟೆಯ ಬಣ್ಣದಲ್ಲಿ ಬೆರೆಸುವ ಗಾಜಿನ ಮಣಿ.

ಹೆಚ್ಚಿನ ಅಸಲಿ ಕಣಗಳು ಕಲ್ಲಿನ ಜಾತಿಯವು. ಮೈಮೇಲೆ ಆಲಿವೀನ್ ಎಂಬ ಖನಿಜದ ಹರಳುಗಳ ಸಾಲುಗೆರೆ, ನಡುವೆ ಮ್ಯಾಗ್ನೆಟೈಟ್ (ಮ್ಯಾಗ್ನೆಟ್‌ಗೆ ಅಂಟುವ ಕಬ್ಬಿಣದ ಆಕ್ಸೈಡ್) ಚುಕ್ಕಿ, ಮಬ್ಬು ಹೊಳಪು. ಸಾಧಾರಣ ಮೈಕ್ರೋಸ್ಕೋಪಿನಲ್ಲಿ ಮೇಲಿನಿಂದ ಬೆಳಕು ಬಿಟ್ಟು ನೋಡಿ ಅಂಥವನ್ನು ಆರಿಸಿಡಿ. ಖಚಿತಪಡಿಸಲು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಧಾತುಗಳ ಪರೀಕ್ಷೆ ಆಗಲೇಬೇಕು. ಕಲ್ಲಿನ ಕಣದಲ್ಲಿ ಮೆಗ್ನೀಸಿಯಂ, ಸಿಲಿಕಾನ್, ಕಬ್ಬಿಣ ಮೂರೂ ದಂಡಿಯಾಗಿರಬೇಕು. ಬರೀ ನಿಕ್ಕಲ್ ಕಂಡಿತೆಂದು ನಂಬಬೇಡಿ, ಸ್ಟೇನ್‌ಲೆಸ್ ಸ್ಟೀಲಿನ ಕಿಡಿಯಲ್ಲೂ ಅದು ಇರುತ್ತದೆ. ಆದರೆ ಅದರ ಜೊತೆ ಕ್ರೋಮಿಯಂ ಶೇ. 18ರ ಆಸುಪಾಸು ಬರುವುದರಿಂದ ಸಿಕ್ಕಿಬೀಳುತ್ತದೆ.